ಮೊದಲ ಅಲ್ಟ್ರಾಗೆ ಹೊರಟವರ ಕೈಗೆ ಯಾವ ಪುಸ್ತಕ ಕೊಡ್ತಿದ್ದೀವಿ?

"ಮೊದಲ 50 ಕಿಲೋಮೀಟರ್ ಟ್ರೇಲ್ ಓಟಕ್ಕೆ ಹೆಸರು ಕೊಟ್ಟಿದ್ದೀನಿ, ಇನ್ನು 14 ವಾರ ಇದೆ, ಯಾವ ಪುಸ್ತಕ ಓದಲಿ?" ಅಂತ ಓಟದ ಗುಂಪೊಂದರಲ್ಲಿ ನಿನ್ನೆ ಒಬ್ಬರು ಕೇಳಿದ್ದರು. (ಅಲ್ಟ್ರಾ ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟ, ಟ್ರೇಲ್ ಅಂದರೆ ಕಾಡು, ಗುಡ್ಡದ ಕಾಲುದಾರಿ.) ಕೆಳಗೆ ಬಂದ ಉತ್ತರಗಳನ್ನು ಓದಿ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಬಾರ್ನ್ ಟು ರನ್, ಈಟ್ ಅಂಡ್ ರನ್, ಅಲ್ಟ್ರಾಮ್ಯಾರಥಾನ್ ಮ್ಯಾನ್, ಜಪಾನಿನ ಕಾದಂಬರಿಕಾರ ಮುರಕಾಮಿ ತಮ್ಮ ಓಟದ ಬಗ್ಗೆ ಬರೆದದ್ದು, ಎಲ್ಲವೂ ಓಟದ ಕಥೆಗಳೇ. ಮತ್ತೆ ಬಾರ್ನ್ ಟು ರನ್. ಪಾದದ ಬಗ್ಗೆ, ಹೊಟ್ಟೆಯ ಬಗ್ಗೆ ಇರುವ ಒಂದೇ ಒಂದು ಪುಸ್ತಕವನ್ನೂ ಯಾರೂ ಹೇಳಲಿಲ್ಲ. ತಯಾರಿ ಕೇಳಿದವರಿಗೆ ಎಲ್ಲರೂ ಸೇರಿ ಹುರುಪು ತುಂಬಿ ಕಳಿಸಿದರು.

ಹುರುಪಿಲ್ಲದೆ ಯಾರೂ 50 ಕಿ.ಮೀ.ಗೆ ಹೆಸರು ಕೊಡೋದಿಲ್ಲ ಸ್ವಾಮಿ. ಅದು ಅವರ ಹತ್ತಿರ ಆಗಲೇ ಇದೆ. ವೆಸ್ಟರ್ನ್ ಸ್ಟೇಟ್ಸ್ ಮತ್ತು ವರ್ಮಾಂಟ್ 100, ಅಮೆರಿಕದ ಈ ಎರಡು 100 ಮೈಲಿ ಓಟಗಳಲ್ಲಿ 2009ರಲ್ಲಿ ಓಡಿದವರನ್ನು ವಿಚಾರಿಸಿದ ಅಧ್ಯಯನ ಒಂದಿದೆ. ಅರ್ಧದಲ್ಲೇ ಬಿಟ್ಟವರು ಕೊಟ್ಟ ಮೊದಲ ಕಾರಣ ವಾಕರಿಕೆ, ವಾಂತಿ. ಮುಗಿಸಿದವರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಾಲಿನ ಬೊಬ್ಬೆ. ನಮ್ಮ ಪಟ್ಟಿಗಳಲ್ಲಿ ಇವೆರಡಕ್ಕೆ ಮಾತ್ರ ಜಾಗ ಇಲ್ಲ.

ನನ್ನ ಕೇಳಿದರೆ ಮೊದಲ ಪುಸ್ತಕ ಜಾನ್ ವೋನ್‌ಹಾಫ್ ಅವರ ಫಿಕ್ಸಿಂಗ್ ಯುವರ್ ಫೀಟ್. 1997ರಲ್ಲಿ ಬಂದದ್ದು, ಆಮೇಲೆ ಹಲವು ಸಲ ಪರಿಷ್ಕರಣೆಯಾಗಿದೆ. ಹೊಸದು ಸಿಕ್ಕರೆ ಹೊಸದನ್ನೇ ತಗೊಳ್ಳಿ. ಶಾಖ, ಒದ್ದೆ, ಉಜ್ಜಾಟ ಮೂರೂ ಸೇರಿದರೆ ಬೊಬ್ಬೆ, ಅದಕ್ಕೆ ಒಂದನ್ನಾದರೂ ಕಡಿಮೆ ಮಾಡಿ ಅನ್ನೋದು ಅದರ ತಿರುಳು. ಉಗುರನ್ನೇ ನೋಡಿ. ನೇರ ಕತ್ತರಿಸಬೇಕು, ಆಮೇಲೆ ಅಂಚನ್ನು ಅರದಿಂದ ತೀಡಬೇಕು. ಕಾಲ್ಬೆರಳ ತುದಿಯಿಂದ ಉಗುರಿನ ಮೇಲಕ್ಕೆ ಕೈಬೆರಳು ಸವರಿದರೆ ಎಲ್ಲೂ ತಡೆಯಬಾರದು. ತಡೆಯಿತು ಅಂದರೆ ಉದ್ದನೆಯ ಇಳಿಜಾರಿನಲ್ಲಿ ಅದೇ ಅಂಚು ಸಾಕ್ಸಿಗೆ ಸಿಕ್ಕಿಕೊಳ್ಳುತ್ತೆ, ಶೂ ಮೂತಿಗೆ ಗುದ್ದುತ್ತೆ, ಉಗುರು ಹಿಂದಕ್ಕೆ ಒತ್ತಿ ಒತ್ತಿ ಅಡಿಯಲ್ಲಿ ರಕ್ತ ಕಟ್ಟುತ್ತೆ.

ಟೇಪ್ ಅಂಟಿಸೋದೂ ಹಾಗೆಯೇ. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪು ಮೂಲೆ ಮೊದಲು ಏಳುತ್ತೆ, ಎದ್ದದ್ದು ಸುರುಳಿಯಾಗುತ್ತೆ, ಆ ಸುರುಳಿಯೇ ಹೊಸ ಬೊಬ್ಬೆ ಎಬ್ಬಿಸುತ್ತೆ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಟೇಪು ಗಟ್ಟಿಯಾಗಿ ಹಿಡಿಯೋಕೆ ಟಿಂಕ್ಚರ್ ಬೆಂಜಾಯಿನ್ ಅನ್ನೋ ಔಷಧಿ ಸವರಿ, ಅದು ಅಂಟಂಟಾಗುವ ತನಕ ಕಾದು, ಒಂದೂ ಸುಕ್ಕಿಲ್ಲದೆ ಅಂಟಿಸಿ ಅಂಗೈಯಲ್ಲಿ ಒತ್ತಿ ಹಿಡಿಯಬೇಕು. ಹಿಂದಿನ ರಾತ್ರಿಯೇ ಆಗಬೇಕಾದ ಕೆಲಸ ಇದು. ಬೆಳಗಿನ ಜಾವ ಗಡಿಬಿಡಿಯಲ್ಲಿ ಅಂಟಿಸಿದ ಟೇಪು ಮೊದಲ ಹಳ್ಳ ದಾಟುವಷ್ಟರಲ್ಲಿ ಕಿತ್ತು ಬರುತ್ತೆ. ಬೊಬ್ಬೆ ಎದ್ದೇಬಿಟ್ಟರೆ ಮೇಲಿನ ಚರ್ಮ ಕೀಳಬೇಡಿ. ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಮೂರ್ನಾಲ್ಕು ಸಣ್ಣ ತೂತು ಮಾಡಿದರೆ ಕಾಲಿಟ್ಟಾಗ ನೀರು ತಾನಾಗಿ ಹೊರಗೆ ಬರುತ್ತೆ. ರಕ್ತ ತುಂಬಿದ್ದನ್ನು ಮಾತ್ರ ಚುಚ್ಚಬೇಡಿ, ನಂಜಾದೀತು.

ಮಲೆನಾಡಿನಲ್ಲಿ ಓಡುವವರಿಗಂತೂ ಈ ಪುಸ್ತಕ ಬೇಕೇ ಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಗಾಲ ಮುಗಿದ ಮೇಲೂ ಹುಲ್ಲು, ಹಳ್ಳ, ಕೆಸರು, ಯಾವುದೂ ಒಣಗಿರೋದಿಲ್ಲ. ಗಂಟೆಗಟ್ಟಲೆ ಒದ್ದೆಯಲ್ಲಿದ್ದ ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿ, ಆ ಮಡಿಕೆಗಳಲ್ಲೇ ಬಿರಿಯುತ್ತೆ. ಓಟಕ್ಕೆ ಮುಂಚೆ ಝಿಂಕ್ ಆಕ್ಸೈಡ್ ಇರುವ ದಪ್ಪ ಮುಲಾಮನ್ನು ಅಂಗಾಲಿಗೆ ಬಳಿಯಿರಿ. ದಾರಿ ಮಧ್ಯೆ ಸಿಗುವಂತೆ ಮೊದಲೇ ಕೊಟ್ಟು ಕಳಿಸುವ ಡ್ರಾಪ್ ಬ್ಯಾಗಿನಲ್ಲಿ ಒಣಗಿದ ಸಾಕ್ಸ್, ಚಿಕ್ಕ ಟವೆಲ್ ಇರಲಿ, ಐದು ನಿಮಿಷ ಕೂತು ಪಾದ ಒರೆಸಿಕೊಳ್ಳಿ. ಉಂಬಳದ ವಿಷಯಕ್ಕೆ ಮಾತ್ರ ಆ ಊರಿನವರನ್ನೇ ಕೇಳಬೇಕು. ಶೂ ಬಾಯಿ ಮುಚ್ಚುವ ಬಟ್ಟೆಯ ಪಟ್ಟಿ, ಟ್ರೇಲ್ ಗೇಟರ್, ಇರೋದು ಕಲ್ಲು, ಮರಳು ತಡೆಯೋಕೆ, ಉಂಬಳ ಅದರ ಅಡಿಯಿಂದ ನುಗ್ಗುತ್ತೆ.

ಮುರಕಾಮಿಯ ಹೆಸರು ಹೇಳಿದವರು ಆ ಪುಸ್ತಕವನ್ನು ಇನ್ನೊಮ್ಮೆ ತೆಗೆದು ನೋಡಲಿ. 1996ರಲ್ಲಿ ಜಪಾನಿನ ಸರೋಮಾ ಸರೋವರದ 100 ಕಿ.ಮೀ. ಓಟದ ಅಧ್ಯಾಯ ಅದರಲ್ಲಿದೆ. ಪಾದ ಊದಿಕೊಂಡಿದ್ದರಿಂದ 55 ಕಿ.ಮೀ. ಸುಮಾರಿಗೆ ಅವರು ಅರ್ಧ ಸೈಜ್ ದೊಡ್ಡ ಶೂ ಹಾಕಿಕೊಳ್ಳುತ್ತಾರೆ. ಹೊಸಬರಿಗೆ ಆ ಅಧ್ಯಾಯದಲ್ಲಿ ಅತಿ ಉಪಯೋಗದ ಮಾತು ಅದು. ಆದರೆ ಹಂಚಿಕೊಳ್ಳೋದೆಲ್ಲ ನೋವಿನ ತತ್ವಜ್ಞಾನ.

ಎರಡನೆಯದು ಜೇಸನ್ ಕೂಪ್ ಅವರ ಟ್ರೇನಿಂಗ್ ಎಸೆನ್ಷಿಯಲ್ಸ್ ಫಾರ್ ಅಲ್ಟ್ರಾರನ್ನಿಂಗ್. 2016ರದ್ದು, 2021ರಲ್ಲಿ ಎರಡನೇ ಆವೃತ್ತಿ ಬಂತು. ನಿಮ್ಮ ಓಟದ ದಿನಕ್ಕೆ ಹೋಲದ ತರಬೇತಿ ಮೊದಲು, ಹೋಲುವಂಥದ್ದು ಕೊನೆಗೆ ಅನ್ನೋದು ಅವರ ಲೆಕ್ಕ. ಮೂರು ನಿಮಿಷ ಜೋರು, ಮೂರು ನಿಮಿಷ ನಿಧಾನದ ಇಂಟರ್ವಲ್‌ಗಳು ಮೊದಲ ವಾರಗಳಿಗೆ. ಏರು ಹತ್ತಿ ಇಳಿಯುವ ಉದ್ದನೆಯ, ನಿಧಾನದ ಓಟ ಕೊನೆಯ ವಾರಗಳಿಗೆ. ನಮ್ಮವರು ಮಾಡೋದು ತಿರುಗುಮುರುಗು, ಮ್ಯಾರಥಾನ್ ಪ್ಲ್ಯಾನಿಗೇ ಇನ್ನಷ್ಟು ಕಿಲೋಮೀಟರ್ ಸೇರಿಸಿ ಕೊನೆಯಲ್ಲಿ ವೇಗಕ್ಕೆ ಬೀಳ್ತಾರೆ.

ಹೊಟ್ಟೆಗೂ ತರಬೇತಿ ಬೇಕು. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಹೀರಿಕೊಳ್ಳುತ್ತೆ. ಫ್ರಕ್ಟೋಸ್ ಹೋಗುವ ದಾರಿ ಬೇರೆ, ಹಾಗಾಗಿ ಎರಡನ್ನೂ ಬೆರೆಸಿದರೆ 90 ಗ್ರಾಂವರೆಗೆ ಹೋಗಬಹುದು. ವಾರದ ಉದ್ದನೆಯ ಓಟಗಳಲ್ಲಿ ಖಾಲಿ ಹೊಟ್ಟೆಯಲ್ಲಿ ಓಡಿ, ಓಟದ ದಿನ ಒಮ್ಮೆಗೇ ಸಕ್ಕರೆಯ ಜೆಲ್ ಸುರಿದರೆ ಅದು ಕರುಳಿನಲ್ಲೇ ನಿಂತು ನೀರು ಎಳೆಯುತ್ತೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತೆ. ಗಂಟೆಗೆ 30 ಗ್ರಾಂನಿಂದ ಶುರು ಮಾಡಿ ವಾರ ವಾರ ಏರಿಸಿ.

ಟ್ರೇನಿಂಗ್ ಫಾರ್ ದಿ ಅಪ್‌ಹಿಲ್ ಅಥ್ಲೀಟ್ (2019, ಸ್ಟೀವ್ ಹೌಸ್, ಸ್ಕಾಟ್ ಜಾನ್‌ಸ್ಟನ್, ಕಿಲಿಯನ್ ಜೋರ್ನೆಟ್) ಕೊಳ್ಳೋದು ಒಂದು ಪರೀಕ್ಷೆಗೋಸ್ಕರವಾದರೂ ಸರಿ. 15 ನಿಮಿಷ ವಾರ್ಮ್ ಅಪ್, ಆಮೇಲೆ ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಲ್ಲಿ ಒಂದು ಗಂಟೆ ಓಟ. ಮೊದಲರ್ಧದ ಹಾರ್ಟ್ ರೇಟ್ ಸರಾಸರಿ 140, ಎರಡನೆಯ ಅರ್ಧದ್ದು 147 ಬಂದರೆ ಏರಿಕೆ ಶೇ 5, ಅಲ್ಲಿಗೆ ನಿಮ್ಮ ಏರೋಬಿಕ್ ಮಿತಿ, ಅಂದರೆ ದಣಿಯದೆ ಬಹಳ ಹೊತ್ತು ಓಡಬಲ್ಲ ಹಾರ್ಟ್ ರೇಟ್‌ನ ಮೇಲಿನ ಗಡಿ, ಹೆಚ್ಚುಕಡಿಮೆ 140. ಏರಿಕೆ ಶೇ 5ಕ್ಕಿಂತ ಜಾಸ್ತಿ ಬಂದರೆ ಆ ವೇಗ ನಿಮಗೆ ಇನ್ನೂ ಹೆಚ್ಚೇ ಅಂತ ಅರ್ಥ. ಬಹಳ ಜನ ದಿನವೂ ಓಡೋದು ಈ ಮಿತಿಯ ಮೇಲೆ, ಅದಕ್ಕೇ ಮೊದಲ ದೊಡ್ಡ ಏರಿನಲ್ಲೇ ಕೈಚೆಲ್ತಾರೆ.

ಟಿಮ್ ನೋಕ್ಸ್ ಅವರ ವಾಟರ್‌ಲಾಗ್ಡ್ (2012) ದಪ್ಪ ಪುಸ್ತಕ, ಜಗಳಗಂಟಿ ಪುಸ್ತಕ, ಒಂದೇ ಮಾತನ್ನು ಪದೇ ಪದೇ ಹೇಳುತ್ತೆ. ಆದರೂ ಓದಿ. ಬಾಯಾರಿದಷ್ಟೇ ಕುಡಿಯಬೇಕು ಅನ್ನೋ ಮಾತಿಗೆ ಜೀವ ಉಳಿಸುವ ತೂಕ ಇದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ 13 ಮಂದಿಯ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಹೀಗೆ ತೆಳುವಾಗುತ್ತೆ. ಉಂಗುರ ಬಿಗಿಯಾಗಿ, ಬೆರಳು ಊದಿ, ತಲೆನೋವು, ವಾಂತಿ ಶುರುವಾದವರಿಗೆ "ಇನ್ನೂ ಸ್ವಲ್ಪ ನೀರು ಕುಡೀರಿ" ಅನ್ನೋದು ಓಟದ ದಾರಿಯಲ್ಲಿ ನೀರು, ತಿಂಡಿ ಕೊಡುವ ನಮ್ಮ ಏಡ್ ಸ್ಟೇಷನ್‌ಗಳಲ್ಲಿ ಮಾಡಬಹುದಾದ ಅತಿ ಅಪಾಯದ ಉಪಕಾರ.

ಸ್ಫೂರ್ತಿಯ ಪುಸ್ತಕ ಬೇಡವೇ ಅಂತ ಕೇಳ್ತೀರಿ. ನಸುಕಿನ ನಾಲ್ಕಕ್ಕೆ ಹಾಸಿಗೆಯಿಂದ ಎಬ್ಬಿಸೋದು ಅದೇ ಅಂತೀರಿ. ಓದಿ, ಓಟದ ನಂತರ ಕಾಲು ಮೇಲಿಟ್ಟು ಕೂತಾಗ ಖುಷಿಯಾಗಿ ಓದಿ. ಆದರೆ ಬಾರ್ನ್ ಟು ರನ್ ಬಂದ ಮೇಲೆ ತೆಳು ಅಟ್ಟೆಯ ಶೂಗೆ ರಾತ್ರೋರಾತ್ರಿ ಹಾರಿ ಮೀನಖಂಡ ಹಿಡಿಸಿಕೊಂಡವರು, ಪಾದದ ಮೂಳೆ ಬಿರುಕು ಬಿಡಿಸಿಕೊಂಡವರು ಎಷ್ಟು ಜನ! ಆ ಪುಸ್ತಕ ಹೊಗಳುವ ತಾರಾಹುಮಾರ ಜನ ಮೆಕ್ಸಿಕೋದ ಕಣಿವೆಗಳಲ್ಲಿ ಚಿಕ್ಕಂದಿನಿಂದ ತೆಳು ಚಪ್ಪಲಿಯಲ್ಲಿ ಓಡಿದವರು. ದಿನವಿಡೀ ಕುರ್ಚಿಯಲ್ಲಿ ಕೂರುವ ಕಾಲು ಒಂದು ಪುಸ್ತಕ ಓದಿದ ಮಾತ್ರಕ್ಕೆ ಬದಲಾಗೋದಿಲ್ಲ.

ಕೇಳಿದವರು ಇದನ್ನು ಓದುತ್ತಿದ್ದರೆ: 14 ವಾರ ಸಾಕು. ಪಾದದ ಪುಸ್ತಕ ಇವತ್ತೇ ತರಿಸಿ. ಈ ಭಾನುವಾರ ಆ ಒಂದು ಗಂಟೆಯ ಪರೀಕ್ಷೆ ಮಾಡಿ ನಂಬರ್ ಬರೆದಿಡಿ. ಶೂ ಕೊಳ್ಳೋಕೆ ಸಂಜೆ ಹೊತ್ತು ಹೋಗಿ, ಪಾದ ಆಗ ಹಿಗ್ಗಿರುತ್ತೆ. ಓಟಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ನಿಂತು ನೋಡಿ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲೇಬೇಕು.