ಚಿತ್ರ ಕಂಡದ್ದು ಅಂಗಡಿಯವರಿಗೆ

ನಮ್ಮ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಒಂದು ಸೀಮೆಎಣ್ಣೆ ಬುಡ್ಡಿ ಹಗಲೂ ಉರಿಯುತ್ತದೆ. ಅದರ ಪಕ್ಕದ ಡಬ್ಬಿಯಲ್ಲಿ ಖಾಲಿ ಸಿಗರೇಟು ಪ್ಯಾಕಿನ ರಟ್ಟನ್ನು ಕಡ್ಡಿಯಷ್ಟು ತೆಳ್ಳಗೆ ಕತ್ತರಿಸಿ ತುಂಬಿಟ್ಟಿದ್ದಾರೆ. ಗಿರಾಕಿ ಒಂದು ಸಿಗರೇಟು ಕೊಳ್ಳುತ್ತಾನೆ, ಒಂದು ಚೂರು ಎತ್ತಿ ಬುಡ್ಡಿಗೆ ಹಿಡಿಯುತ್ತಾನೆ, ಹೊತ್ತಿಸಿಕೊಳ್ಳುತ್ತಾನೆ. ಮೊನ್ನೆ ಪಕ್ಕದಲ್ಲೇ ನಿಂತು ನೋಡಿದೆ. ಆ ಚೂರಿನಲ್ಲಿ ಅರ್ಧ ಗಂಟಲಿತ್ತು. ಜನರನ್ನು ಹೆದರಿಸಲೆಂದು ಕೇಂದ್ರ ಆರೋಗ್ಯ ಸಚಿವಾಲಯ ಆರಿಸಿ ಆರಿಸಿ ಅಚ್ಚು ಹಾಕಿಸಿದ, ಕೊಳೆತ ಗಂಟಲು. ಒಳ್ಳೆಯ ರಟ್ಟು, ಚೆನ್ನಾಗಿ ಉರಿಯಿತು.

ಬಿಡಿ ಸಿಗರೇಟು ಮಾರುವುದು ನಿಷೇಧವಾಗಿದೆಯಲ್ಲ ಎನ್ನುತ್ತೀರಿ. ಆಗಿದೆ, ಆಗಿದೆ. 2025ರ ಮೇ ತಿಂಗಳಲ್ಲೇ ನಮ್ಮ ರಾಜ್ಯದ ಹೊಸ ಕಾನೂನು ಬಂತು: ಬಿಡಿಯಾಗಿ ಮಾರುವಂತಿಲ್ಲ, 21 ತುಂಬದವರಿಗೆ ಕೊಡುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ. ಕಾನೂನು ಭದ್ರವಾಗಿದೆ. ಗಾಜಿನ ಲೋಟದಲ್ಲಿ ನಿಲ್ಲಿಸಿಟ್ಟ ಬಿಡಿ ಸಿಗರೇಟುಗಳೂ ಭದ್ರವಾಗಿವೆ. ಹೀಗಾಗಿ ಆ ಗಂಟಲನ್ನು ದಿನಕ್ಕೆ ಹತ್ತಾರು ಸಲ ಇಡಿಯಾಗಿ ನೋಡುವವರು ಅಂಗಡಿಯ ಯಜಮಾನರೊಬ್ಬರೇ. ಅವರು ಜನ್ಮದಲ್ಲಿ ಸಿಗರೇಟು ಮುಟ್ಟಿದವರಲ್ಲ. ಯೋಜನೆ ನೂರಕ್ಕೆ ನೂರು ಯಶಸ್ವಿ.

ಕೆನಡಾದವರು 2023ರಲ್ಲಿ ಒಂದೊಂದು ಸಿಗರೇಟಿನ ಮೇಲೂ ಎಚ್ಚರಿಕೆ ಅಚ್ಚು ಹಾಕಿಸುವ ನಿಯಮ ತಂದರು. ಕಾಯಿಲೆ ನಮ್ಮದು, ಔಷಧಿ ಕುಡಿದವರು ಅವರು.

ನಮ್ಮಲ್ಲಿ ಚಿತ್ರಗಳ ಇತಿಹಾಸವೇ ವಿಶಿಷ್ಟ. 2009ರಲ್ಲಿ ಮೊದಲ ಬಾರಿ ಬಂದಾಗ ಜಗಿಯುವ ತಂಬಾಕಿನ ಪೊಟ್ಟಣದ ಮೇಲೆ ಒಂದು ಚೇಳನ್ನು ಕೂರಿಸಿದ್ದರು. ಚೇಳು ಕಂಡರೆ ನಮ್ಮವರು ಚಪ್ಪಲಿ ಹುಡುಕುತ್ತಾರೆ. ತಂಬಾಕು ಏಕೆ ಬಿಡುತ್ತಾರೆ? ಮಾರ್ಕು ನೋಡಿ ಬೀಡಿ ಕೊಳ್ಳುವ ನಾಡಿನಲ್ಲಿ ಅದನ್ನು ಹೊಸ ಕಂಪನಿಯ ಗುರುತೆಂದು ಯಾರಾದರೂ ತಿಳಿದಿದ್ದರೆ ತಪ್ಪು ಅವರದಲ್ಲ. ಆಮೇಲೆ ಸಿಗರೇಟು ಪ್ಯಾಕಿನ ಮೇಲೆ ಬಂದ ಮುಖ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಾನ್ ಟೆರಿಯಂತೆಯೇ ಇದೆ ಎಂದು 2012ರಲ್ಲಿ ಗಲಾಟೆಯಾಯಿತು. ಆತ ಆಗಲೂ ಮೈದಾನದಲ್ಲಿ ಓಡುತ್ತಿದ್ದ.

ನಂತರ ಅಳತೆಪಟ್ಟಿಯ ಯುದ್ಧ. ಪ್ಯಾಕಿನ ಮೇಲೆ ಹೆದರಿಕೆಗೆ ಶೇ 40 ಜಾಗ ಸಾಕೋ, ಶೇ 85 ಬೇಕೋ? 2016ರಲ್ಲಿ 85 ಆಯಿತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಗಂಟಲು ಮತ್ತೆ ದೊಡ್ಡದಾಯಿತು.

ಚಿತ್ರದಿಂದ ಉಪಯೋಗವೇ ಇಲ್ಲ ಎನ್ನಲಾರೆ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರ ಪೈಕಿ ಶೇ 61.9ರಷ್ಟು ಮಂದಿ ಪ್ಯಾಕಿನ ಎಚ್ಚರಿಕೆ ಕಂಡು ಚಟ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿದ್ದರು. ಯೋಚನೆ ಮಾಡಲು ಕೆಲವರಿಗೆ ಒಂದು ಸಿಗರೇಟು ಬೇಕಾಗುತ್ತದೆ, ಆ ಮಾತು ಬೇರೆ.

ಸರ್ಕಾರವೂ ಯೋಚನೆ ಮಾಡುತ್ತಿದೆ. ಒಂದು ಸಚಿವಾಲಯ ಗಂಟಲು ಅಚ್ಚು ಹಾಕಿಸುತ್ತದೆ, ಇನ್ನೊಂದರ ಕೈಕೆಳಗಿನ ತಂಬಾಕು ಮಂಡಳಿ ಹುಣಸೂರು, ಪಿರಿಯಾಪಟ್ಟಣದಲ್ಲಿ ಬೇಲ್ ಬೇಲ್ ಹೊಗೆಸೊಪ್ಪು ಹರಾಜು ಹಾಕಿಸುತ್ತದೆ. ಪಾಲಿಸಿ ಕೊಡುವ ಮುನ್ನ ಸೇದುತ್ತೀರಾ ಎಂದು ಕೇಳುವ ಜೀವವಿಮಾ ನಿಗಮ ದೇಶದ ಅತಿದೊಡ್ಡ ಸಿಗರೇಟು ಕಂಪನಿಯ ಷೇರು ಇಟ್ಟುಕೊಂಡಿದೆ. ಸೇದಿದರೂ ಲಾಭ, ಬಿಟ್ಟರೂ ಲಾಭ. ಇಂಥ ದೂರದೃಷ್ಟಿ ಯಾರಿಗುಂಟು!

ಕ್ಯಾನ್ಸರ್ ಆಸ್ಪತ್ರೆಯೊಂದರ ಅಂಗಳದಲ್ಲಿ, ಟವೆಲ್‌ನಿಂದ ಅರ್ಧ ಮುಖ ಮುಚ್ಚಿ ಕುಳಿತ ಒಬ್ಬರನ್ನು ನೋಡಿದ್ದೇನೆ. ಮಾತನಾಡಲು ಅವರಿಗೆ ಆಗುತ್ತಿರಲಿಲ್ಲ. ಅವರ ಹೆಂಡತಿ ಹೇಳಿದರು: "ಇಡೀ ಪ್ಯಾಕು ಎಂದೂ ತಂದವರಲ್ಲ ಸ್ವಾಮಿ. ದಿನಕ್ಕೆ ಒಂದೋ ಎರಡೋ, ಕೂಲಿ ದುಡ್ಡು ಸಿಕ್ಕಾಗ." ಅವರಿಗಾಗಿ ಅಚ್ಚಾದ ಚಿತ್ರ ಅವರ ಕೈಗೆ ಬರಲೇ ಇಲ್ಲ. ಈ ವಿಷಯದಲ್ಲಿ ನಗಲು ಬೆಳಿಗ್ಗೆಯಿಂದ ಪ್ರಯತ್ನಿಸುತ್ತಿದ್ದೇನೆ, ಇಲ್ಲಿಗೆ ಬಂದಾಗ ಆಗುವುದಿಲ್ಲ.

ನಿನ್ನೆ ಮತ್ತೆ ಗೂಡಂಗಡಿಗೆ ಹೋಗಿ ಡಬ್ಬಿಯಿಂದ ಒಂದು ಚೂರು ಎತ್ತಿ ನೋಡಿದೆ. ಚಟ ಬಿಡಲು ಕರೆ ಮಾಡಿ ಎಂದು ಪ್ಯಾಕಿನ ಮೇಲೆ ಸಹಾಯವಾಣಿಯ ಸಂಖ್ಯೆ ಇರುತ್ತದಲ್ಲ, ಅದು. ನನ್ನ ಚೂರಿನಲ್ಲಿ 1800 ಇತ್ತು. ಉಳಿದ ಅಂಕಿಗಳನ್ನು ಯಾರೋ ಆಗಲೇ ಹೊತ್ತಿಸಿಕೊಂಡು ಹೋಗಿದ್ದರು.