ಕಾಣುವ ತೇಪೆ, ಕಾಣದ ತೇಪೆ

ನಮ್ಮ ಮನೆಯ ಅಟ್ಟದಲ್ಲಿ, ಕಡ್ಡಿ ಮುರಿದ ಕೊಡೆಗಳಿಗೂ ಒಂದು ಹಳೆಯ ಪೆಟ್ರೋಮ್ಯಾಕ್ಸಿಗೂ ನಡುವೆ ಸುಮಾರು 30 ವರ್ಷ ಮಲಗಿದ್ದ ಡೆನಿಮ್ ಜಾಕೆಟ್ಟು ಕಳೆದ ಮಳೆಗಾಲ ಮುಗಿಯುತ್ತಲೇ ಕೆಳಗಿಳಿಯಿತು. ಅಣ್ಣ ಶಾರ್ಜಾದಲ್ಲಿ ದುಡಿಯುತ್ತಿದ್ದಾಗ ಚಳಿಗಾಲದ ಬೆಳಗಿನ ಜಾವಗಳಲ್ಲಿ ತೊಡುತ್ತಿದ್ದುದು ಅದು. ಕಾಸರಗೋಡಿನ ಸೆಕೆಗೆ ಅಂಥದ್ದನ್ನು ತೊಡುವವನಿಗೆ ಬೆವರಿನ ಮೇಲೆ ವಿಶೇಷ ಮಮತೆ ಇರಬೇಕು. ಆದುದರಿಂದ ಊರಿಗೆ ಮರಳಿದ ಮೇಲೆ ಅಣ್ಣ ಒಂದೇ ಒಂದು ಸಲ ಮಡಿಕೇರಿಗೆ ಹೋದಾಗ ಅದನ್ನು ಹಾಕಿಕೊಂಡು, ಬಂದ ಮರುದಿನವೇ ಅಟ್ಟಕ್ಕೆ ಏರಿಸಿದ್ದ. ಈಗ ಚಿತ್ರಕಲೆ ಕಲಿತು ಬಂದಿರುವ ಅವನ ಮಗಳು ಅದನ್ನು ಕೊಡವಿ ಬಿಸಿಲಿಗೆ ಹಿಡಿದು, “ಚಿಕ್ಕಪ್ಪ, ಇದು ವಿಂಟೇಜ್” ಎಂದಳು. ಹಳತಾಗುವುದಕ್ಕೆ ಇಷ್ಟು ಗೌರವದ ಹೆಸರಿದೆಯೆಂದು ಗೊತ್ತಿದ್ದರೆ ನಾನು ನಿವೃತ್ತಿಯ ದಿನ ಅಷ್ಟೊಂದು ಕುಗ್ಗುತ್ತಿರಲಿಲ್ಲ.

ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿ, ಬೇರೆ ತುಂಡುಗಳನ್ನು ಕೂಡಿಸಿ, ಮೇಲೆ ಚಿತ್ರ ಬರೆದು ಹೊಸ ಉಡುಪು ಮಾಡುವುದು ಅವಳ ಉದ್ದೇಶ. ಇಂಥ ಬೀದಿ ಶೈಲಿಯ ಉಡುಪಿಗೆ ಸ್ಟ್ರೀಟ್‌ವೇರ್ ಎಂದು ಹೆಸರಂತೆ. 1980ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ಶಾನ್ ಸ್ಟೂಸಿ ಎಂಬವನು ಕಡಲ ಅಲೆಯಾಟದ ಹಲಗೆಗಳ (ಸರ್ಫ್‌ಬೋರ್ಡ್) ಮೇಲೆ ಹಾಕುತ್ತಿದ್ದ ತನ್ನ ಸಹಿಯನ್ನು ಟೀ ಶರ್ಟಿಗೂ ಇಳಿಸಿದ್ದು, ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದ ಕೀತ್ ಹ್ಯಾರಿಂಗ್ 1986ರಲ್ಲಿ ಅಂಗಡಿ ತೆರೆದು ಅದೇ ಚಿತ್ರಗಳನ್ನು ಬಟ್ಟೆಯ ಮೇಲೆ ಮಾರಿದ್ದು, ಇವೆಲ್ಲ ಅವಳಿಗೆ ಬಾಯಿಪಾಠ. ನನಗೆ ಹತ್ತಿದ ಚಿಂತೆ ಬೇರೆ. ನಮ್ಮ ಕಡೆ ಮನೆಗಳು ತೋಟದ ನಡುವೆ ಒಂಟೊಂಟಿಯಾಗಿ ಇರುವುದರಿಂದ ಬೀದಿಯೆಂಬುದೇ ಅಪರೂಪ. ಇದ್ದ ಒಂದು ಹೆದ್ದಾರಿಯೂ ತಲಪಾಡಿಯಿಂದ ಈಚೆಗೆ ಆರು ಪಥಗಳಾಗಿ, ಕಾಲ್ನಡಿಗೆಯವನಿಗೆ ಅದರ ಆಚೆ ಬದಿ ಪರದೇಶವಾಗಿದೆ. ಬೀದಿಯ ಉಡುಪನ್ನು ಇವಳು ತೊಡುವುದೆಲ್ಲಿ?

ಆದರೆ ಜಾಕೆಟ್ಟನ್ನು ಕೈಗೆ ತೆಗೆದುಕೊಂಡು ನೋಡಿದಾಗ ಅವಳ ಆಸೆಗೆ ಕಾರಣ ಹೊಳೆಯಿತು. ಡೆನಿಮಿನಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲಿಗೆ ಮಾತ್ರ ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕಿನದು ಬಿಳಿ. ಆ ನೀಲಿಯೂ ನೂಲಿನ ತಿರುಳಿಗೆ ಇಳಿಯದೆ ಹೊರಮೈಯಲ್ಲೇ ನಿಲ್ಲುವುದರಿಂದ, ಬಟ್ಟೆ ಎಲ್ಲಿ ಉಜ್ಜುತ್ತದೆಯೋ ಅಲ್ಲಿ ಬೆಳ್ಳಗಾಗುತ್ತ ಹೋಗುತ್ತದೆ. ಅಣ್ಣನ ಮೊಣಕೈಗಳು, ಅವನ ಕೊರಳು, ಲಾರಿಯ ಕಿಟಕಿಗೆ ಒರಗುತ್ತಿದ್ದ ಅವನ ಬಲತೋಳು, ಎಲ್ಲವೂ ಅದರಲ್ಲಿ ಇದ್ದವು. ಎಡ ಜೇಬಿನ ಮೇಲೆ ಒಂದು ಮಸುಕಾದ ಚೌಕ. ಲೇಬರ್ ಕಾರ್ಡನ್ನು ಅವನು ಇಡುತ್ತಿದ್ದುದು ಅಲ್ಲಿ. ಕಾರ್ಖಾನೆಯಲ್ಲೇ ಉಜ್ಜಿ, ಹರಿದು, ಅದಕ್ಕೂ ಬೆಲೆ ಕಟ್ಟಿ ಮಾರುವ ಪ್ಯಾಂಟುಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೊಣಕಾಲೂ ಊರದ ಕಡೆ ಸವೆದ ಗುರುತೇಕೆ?

ಮೊಣಕೈಗಳೆರಡೂ ತೂತಾಗಿದ್ದವು. ಅಲ್ಲಿಗೆ ಅಮ್ಮನ ಹಳೆಯ ಕಾಸರಗೋಡು ಸೀರೆಯ ತುಂಡನ್ನು ಹಾಕುವುದೆಂದು ತೀರ್ಮಾನವಾಯಿತು. ಶಾಲಿಯರು ಕೈಮಗ್ಗದಲ್ಲಿ ನೇಯುವ ಈ ಹತ್ತಿಯ ಸೀರೆಗೆ ಈಗ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಅಮ್ಮ ಅದನ್ನು ಮಾನ್ಯತೆ ಇಲ್ಲದ ಕಾಲದಲ್ಲೇ ಉಟ್ಟು, ಸೆರಗು ಜಾಳಾದ ಮೇಲೆ ಮಕ್ಕಳನ್ನು ಹೊದಿಸಿದ್ದಳು. ಅಮ್ಮನ ತೇಪೆಯ ವಿದ್ಯೆಯ ಸಾರವೇ ತೇಪೆ ಕಾಣಬಾರದು ಎಂಬುದಾಗಿತ್ತು. ಚಡ್ಡಿಯ ಹಿಂಬದಿಯ ತೂತಿಗೆ ಶಾಲೆಯಲ್ಲಿ ‘ಅಂಚೆಪೆಟ್ಟಿಗೆ’ ಎಂಬ ಹೆಸರಿದ್ದ ಕಾಲ ಅದು. ಅವಳು ಚಡ್ಡಿಯ ಒಳಮಡಿಕೆಯಿಂದಲೇ ಎಳೆ ಕಿತ್ತು, ಅದೇ ಎಳೆಯಿಂದ ಹೆಣೆಯುತ್ತಿದ್ದಳು. ಆದರೂ ನಾನು ಗೋಡೆಗೆ ಬೆನ್ನು ಕೊಟ್ಟೇ ನಡೆಯುತ್ತಿದ್ದೆ. ಅವಳ ಮೊಮ್ಮಗಳು ನೀಲಿಯ ಮೇಲೆ ಕೆಂಪು ದಾರವನ್ನೇ ಆರಿಸಿ, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆಗಳನ್ನು ಸಾಲಾಗಿ ಎಳೆದಳು. ಜಪಾನಿನ ಬಡ ರೈತರು ಹೀಗೆ ಪದರದ ಮೇಲೆ ಪದರ ತೇಪೆ ಹಾಕಿ ತೊಟ್ಟ ‘ಬೊರೊ’ ಬಟ್ಟೆಗಳು ಈಗ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇವೆಯಂತೆ. ಎಡ ಮೊಣಕೈ ಮುಗಿಯುವಷ್ಟರಲ್ಲಿ ಅವಳ ಬೆರಳುಗಳೇ ತೂತಾಗಿದ್ದವು.

ಬೆನ್ನಿನ ಮೇಲೆ ಅವಳು ಬರೆದದ್ದು ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷದ ಮುಖ. ಬಟ್ಟೆಯನ್ನು ಮೊದಲು ಒಗೆದು ಗಂಜಿಯ ಅಂಶವನ್ನೆಲ್ಲ ತೆಗೆದಳು; ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಹಚ್ಚಿ ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಎಳೆದು ಕೂರಿಸಿದಳು. ದಪ್ಪ ಬಣ್ಣ ಮಡಚುವಲ್ಲಿ ಬಿರಿಯುತ್ತದೆಯಾದ್ದರಿಂದ ತೋಳುಗಳನ್ನು ಮುಟ್ಟಲಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ನಿಲ್ಲಿಸುವ ಚುಟ್ಟಿಯ ಮುಳ್ಳುಗಳಿಗೆ ಮಾತ್ರ ಬಣ್ಣ ಬಿಟ್ಟು, ಬಿಳಿಯ ದಾರದ ಗಂಟುಗಳನ್ನು ಕಟ್ಟಿದಳು. ಬೆರಳಾಡಿಸಿದರೆ ಚುಚ್ಚುವಂತಿದ್ದವು. ಚಿತ್ರಕ್ಕಿಂತ ಆ ಗಂಟುಗಳು ನನಗೆ ಹಿಡಿಸಿದವು.

ಬಲ ಮೊಣಕೈಯ ತೇಪೆಯನ್ನೂ ತೋಳಿನ ಜೋಡಣೆಯನ್ನೂ ಪೇಟೆಯ ಟೈಲರಣ್ಣನಿಗೆ ಒಪ್ಪಿಸಿದೆವು. ಮೂರು ಪದರ ಸೇರುವಲ್ಲಿ ಅವರ ಸೂಜಿ ಎರಡು ಸಲ ಮುರಿಯಿತು; 18ನೇ ನಂಬರಿನ ಸೂಜಿ ಹಾಕಿದ ಮೇಲೆ ಮೆಷಿನ್ನು ಗೊಣಗುತ್ತ ಮುಂದೆ ಹೋಯಿತು. ಹಳತನ್ನು ಬಿಚ್ಚಿ ಹೊಲಿಯುವ ಹೊತ್ತಿನಲ್ಲಿ ಹೊಸದು ಎರಡಾಗುತ್ತಿತ್ತು ಎಂದು ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಇಂಥ ಉಡುಪುಗಳ ಬೆಲೆ ಏರಿರುವುದಕ್ಕೆ ಅರ್ಧ ಕಾರಣ ಅದೇ. ಎಡಗೈಯ ಕೆಂಪು ದಾರವನ್ನು ಕನ್ನಡಕ ಏರಿಸಿ ನೋಡಿ, “ಮಾಷ್ಟ್ರೇ, ನಲವತ್ತು ವರ್ಷದಿಂದ ತೇಪೆ ಅಡಗಿಸುವುದನ್ನೇ ಕಲಿತಿದ್ದೇನೆ, ಈಗ ಕಾಣಿಸು ಅಂದರೆ ಕೈ ಕೇಳುತ್ತದೆಯೇ?” ಎಂದರು.

ಕೈ ಕೇಳಿರಲಿಲ್ಲ. ನಾಲ್ಕು ದಿನ ಬಿಟ್ಟು ಹೋದಾಗ ಸೀರೆಯ ತುಂಡು ಮಡಚಿದಂತೆಯೇ ಮೇಜಿನ ಮೇಲಿತ್ತು. ಜಾಕೆಟ್ಟಿನ ಅಂಚಿನ ಒಳಗಿನಿಂದ ನೀಲಿ, ಬಿಳಿ ಎಳೆಗಳನ್ನು ಕಿತ್ತು, ತೂತನ್ನು ಅವರು ಹಾಸು-ಹೊಕ್ಕು ಎರಡೂ ಹೊಂದುವಂತೆ ಹೆಣೆದುಬಿಟ್ಟಿದ್ದರು. ಹುಡುಗಿ ಬಿಚ್ಚಲೆಂದು ಕತ್ತರಿ ತೆಗೆದವಳು ತೂತು ಎಲ್ಲಿತ್ತೆಂದು ಹುಡುಕುತ್ತ ಬೆಳಕಿಗೆ ಹಿಡಿದಳು, ಒಳಮೈ ತಿರುಗಿಸಿದಳು, ಕೊನೆಗೆ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು.

ಅವಳು ಅಂಗಡಿಯ ಮೆಟ್ಟಿಲ ಮೇಲೆ ಅದನ್ನು ತೊಟ್ಟು ನಿಂತಾಗ ನಾನು ಫೋಟೋ ತೆಗೆಯಲು ಮೊಬೈಲು ಎತ್ತಿದೆ. ಟೈಲರಣ್ಣ ಮೆಷಿನ್ನಿನಿಂದ ಎದ್ದು ಬಂದು ಅವಳನ್ನು ಭುಜ ಹಿಡಿದು ತಿರುಗಿಸಿ, “ಬಲಗೈ ಬರಲಿ” ಎಂದರು.