ಹದಿನಾರು ಪ್ರಶ್ನೆ, ಒಂದು ಮೊಬೈಲು

ನಾನು ಯಾವ ವರ್ಗದ ಕಲಿಯುವವಳು ಎಂಬುದು ಬಿ.ಎಡ್. ಸೇರಿದ ಎರಡನೆಯ ತಿಂಗಳಲ್ಲಿ, ಊಟದ ನಂತರದ ತೂಕಡಿಕೆಯ ತರಗತಿಯಲ್ಲಿ, 16 ಪ್ರಶ್ನೆಗಳ ಮೂಲಕ ತೀರ್ಮಾನವಾಗಿಹೋಯಿತು. ಗೆಳತಿಯೊಬ್ಬಳು ಹೇಳಿದ ಅಂಗಡಿಯ ದಾರಿ ತಿಳಿಯಬೇಕಾದರೆ ನೀವು ನಕ್ಷೆ ನೋಡುತ್ತೀರೋ, ಅವಳ ಬಾಯಿಂದಲೇ ಕೇಳಿ ತಿಳಿಯುತ್ತೀರೋ, ಬರೆದಿಟ್ಟುಕೊಳ್ಳುತ್ತೀರೋ ಅಥವಾ ಗೊತ್ತಿರುವ ಜಾಗವೊಂದರ ಗುರುತು ಹಿಡಿದು ಹೊರಡುತ್ತೀರೋ ಎಂಬ ಧಾಟಿಯ ಪ್ರಶ್ನೆಗಳು ಅವು. ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಇರುವುದೇ ಒಂದು ಅಂಗಡಿಯಾದ್ದರಿಂದ ಈ ಸಂಕಟ ನನಗೆ ಎಂದೂ ಒದಗಿರಲಿಲ್ಲ; ಆದರೂ ಉತ್ತರಿಸದೆ ಬಿಡುವುದು ಮುಂದೆ ಶಿಕ್ಷಕಿಯಾಗುವವಳಿಗೆ ಶೋಭೆಯಲ್ಲವೆಂದು ನಕ್ಷೆಯ ಮುಂದೆ ಗುರುತು ಹಾಕಿದೆ. ಅಂಕ ಕೂಡಿಸಿ ನೋಡಿದರೆ ನಾನು ‘ದೃಶ್ಯ ಕಲಿಕೆ’ಯವಳು. ವಾರಪತ್ರಿಕೆಯ ಕೊನೆಯ ಪುಟದಲ್ಲಿ ನಮ್ಮ ರಾಶಿಯವರು ಹುಟ್ಟಾ ಬುದ್ಧಿವಂತರೆಂದು ಓದಿದಾಗ ಆಗುವಂಥ, ನಂಬಬಾರದೆಂದು ಗೊತ್ತಿದ್ದೂ ನಂಬಬೇಕೆನ್ನಿಸುವ ಒಂದು ಸಂತೋಷ ನನಗಾಯಿತು.

ಈ ಪ್ರಶ್ನಾವಳಿಯ ಮೂಲಪುರುಷ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಶಾಲಾ ತನಿಖಾಧಿಕಾರಿಯಾಗಿ ಊರೂರು ತಿರುಗಿ ಪಾಠಗಳನ್ನು ನೋಡಿದ ಅವರು 1992ರಲ್ಲಿ ಕಾಲೀನ್ ಮಿಲ್ಸ್ ಅವರೊಂದಿಗೆ ಸೇರಿ, ದೃಶ್ಯ, ಶ್ರವ್ಯ, ಓದು-ಬರಹ, ಚಲನೆ (ಮೈಕೈ ಬಳಸಿ, ಮಾಡಿ ಕಲಿಯುವುದು) ಎಂಬ ನಾಲ್ಕು ಬಗೆಗಳ ‘ವಾರ್ಕ್’ ಮಾದರಿಯನ್ನು ಪ್ರಕಟಿಸಿದರು. ವಿದ್ಯಾರ್ಥಿ ತನ್ನ ಓದಿನ ಬಗ್ಗೆ ತಾನೇ ಯೋಚಿಸಲಿ ಎಂಬುದು ಅವರ ಉದ್ದೇಶವಾಗಿತ್ತು. ಅಂಥ ಮಾದರಿ ಇದೊಂದೇ ಅಲ್ಲ. 2004ರಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಕೂತು ಲೆಕ್ಕ ಹಾಕಿದಾಗ ಕಲಿಕಾ ಶೈಲಿಯ 71 ಮಾದರಿಗಳು ಸಿಕ್ಕವು. ನಮ್ಮ ಪಂಚಾಂಗದವರು ಇಡೀ ಮನುಷ್ಯಕುಲವನ್ನು 27 ನಕ್ಷತ್ರಗಳಲ್ಲಿ ಮುಗಿಸಿರುವುದನ್ನು ನೆನೆದರೆ ಅವರ ಸಂಯಮದ ಬಗ್ಗೆ ಗೌರವ ಹುಟ್ಟುತ್ತದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು, ಮಗುವಿನ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಮಗು ಹೆಚ್ಚು ಕಲಿಯುತ್ತದೆ ಎನ್ನುವುದಕ್ಕೆ ಆಧಾರವೇನು ಎಂದು ಹುಡುಕಿ ನೋಡಿ, ಸಾಕೆನ್ನುವಷ್ಟು ಆಧಾರ ಇಲ್ಲವೆಂದು ಬರೆದರು. ಒಬ್ಬೊಬ್ಬರಿಗೆ ಒಂದೊಂದು ಬಗೆ ಇಷ್ಟವೆಂಬುದನ್ನು ಅವರೂ ಅಲ್ಲಗಳೆಯಲಿಲ್ಲ. ಆದರೆ ಹಲಸಿನ ಹಣ್ಣು ನಾಲಿಗೆಗೆ ಇಷ್ಟವೆಂದ ಮಾತ್ರಕ್ಕೆ ಅದು ಹೊಟ್ಟೆಗೂ ಹಿತವಾಗುತ್ತದೆಂದು ಹೇಳಲಾಗದು ಎಂಬುದನ್ನು ತಿಳಿಯಲು ಮಲೆನಾಡಿನವರಿಗೆ ಮನೋವಿಜ್ಞಾನಿಗಳು ಬೇಕಾಗಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಾನು ನಿಜವಾಗಿ ದೃಶ್ಯದವಳೇ ಎಂದು ಹಿಂತಿರುಗಿ ನೋಡಿಕೊಂಡರೆ, ನನ್ನ ಹದಿಹರೆಯದ ಓದೆಲ್ಲ ಒಂದು ಮೊಬೈಲಿನ ಸುತ್ತಲೇ ನಡೆದದ್ದು ಕಾಣುತ್ತದೆ. ನಮ್ಮದು 2020ರ ಎಸ್ಸೆಸ್ಸೆಲ್ಸಿ ತಂಡ. ಮಾರ್ಚಿನಲ್ಲಿ ನಡೆಯಬೇಕಿದ್ದ ಪರೀಕ್ಷೆಯನ್ನು ಜೂನ್ 25ರಿಂದ ಮುಖಗವಸು ಹಾಕಿಕೊಂಡು ಬರೆದವರು. ಮೊದಲ ಪಿಯುಸಿಯ ಬಹುಭಾಗ ಆನ್‌ಲೈನಿನಲ್ಲೇ ಕಳೆಯಿತು. ಅಪ್ಪಯ್ಯ ಅಡಿಕೆ ದುಡ್ಡಿನಲ್ಲಿ ಮೊಬೈಲೇನೋ ತಂದುಕೊಟ್ಟರು, ಆದರೆ ನೆಟ್‌ವರ್ಕು ಮನೆಯಲ್ಲಿ ಇರಲಿಲ್ಲ. ಅದು ಮನೆಯ ಹಿಂದಿನ ಸೊಪ್ಪಿನಬೆಟ್ಟದ ನೆತ್ತಿಯಲ್ಲಿ, ಅದೂ ಒಂದು ಮತ್ತಿ ಮರದ ಬುಡದಲ್ಲಿ ಮಾತ್ರ ಸಿಗುತ್ತಿತ್ತು. ಸುರಿಯುವ ಮಳೆಯಲ್ಲಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮೊಬೈಲು ಹಿಡಿದು, ಕಾಲಿಗೆ ಹತ್ತಿದ ಉಂಬಳಗಳನ್ನು ಕೀಳಲು ಮೂರನೆಯ ಕೈ ಇಲ್ಲದೆ ನಾನು ಭೌತಶಾಸ್ತ್ರ ಕೇಳುತ್ತಿದ್ದೆ. ಅದು ದೃಶ್ಯ ಕಲಿಕೆಯೋ ಚಲನೆಯ ಕಲಿಕೆಯೋ ಎಂದು ಫ್ಲೆಮಿಂಗ್ ಅವರೇ ಬಂದು ಹೇಳಬೇಕಿತ್ತು. ಆದರೂ ಆ ಮೊಬೈಲನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ, ಅದಿಲ್ಲದಿದ್ದರೆ ಆ ವರ್ಷ ನನ್ನ ಪಾಲಿಗೆ ಕಾಲೇಜೇ ಇರುತ್ತಿರಲಿಲ್ಲ.

ನನ್ನ ತಕರಾರು ಬೇರೆಯದು. ಮರುವರ್ಷ ತಾಲ್ಲೂಕು ಕೇಂದ್ರದ ಹಾಸ್ಟೆಲಿಗೆ ಬಂದು, ನೆಟ್‌ವರ್ಕು ಹಾಸಿಗೆಯ ತನಕ ಬಂದಮೇಲೆ, ಪಾಠಗಳನ್ನು ವಿಡಿಯೊದಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಅಭ್ಯಾಸವಾಯಿತು. ಎಸೆದ ಕಲ್ಲು ಪರವಲಯದ ದಾರಿಯಲ್ಲಿ ಸಾಗಿ ಬೀಳುವುದನ್ನು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸುತ್ತಿದ್ದರು. ನೋಡುನೋಡುತ್ತ ಎಲ್ಲವೂ ತಿಳಿದು, ಇಷ್ಟು ಸುಲಭದ್ದನ್ನು ಯಾಕೆ ಕಷ್ಟವೆನ್ನುತ್ತಾರೋ ಎಂದು ಮರುಕ ಬರುತ್ತಿತ್ತು. ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಕಲ್ಲು ಎಸೆಯುವ ತನಕ ನೆನಪಾಯಿತು, ಅದು ಎಲ್ಲಿ ಬಿತ್ತೆಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ. ವಿಡಿಯೊ ನೋಡುವಾಗ ತಿಳಿದದ್ದು ಸುಳ್ಳಲ್ಲ, ಹೇಳುವವರ ಕೈ ಹಿಡಿದು ನಡೆಯುವಾಗ ದಾರಿ ಗೊತ್ತಿದೆಯೆನ್ನಿಸುವಂತೆ ತಿಳಿದಿತ್ತು, ಅಷ್ಟೇ.

ಇದಕ್ಕೆ ವಿವರಣೆ ಸಿಕ್ಕಿದ್ದು ಮೊನ್ನೆ ಮೊನ್ನೆ, ಬಿ.ಎಡ್. ಗ್ರಂಥಾಲಯದಲ್ಲಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು 2006ರಲ್ಲಿ ವಿದ್ಯಾರ್ಥಿಗಳಿಗೆ ಪುಟ್ಟ ಗದ್ಯಭಾಗಗಳನ್ನು ಕೊಟ್ಟು, ಕೆಲವನ್ನು ಎರಡು ಸಲ ಓದಿಸಿದರು. ಉಳಿದವನ್ನು ಒಂದೇ ಸಲ ಓದಿಸಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದು ಶೇ. 81ರಷ್ಟು ನೆನಪಿತ್ತು, ಒಂದು ಸಲ ಓದಿ ಬರೆದದ್ದು ಶೇ. 75ರಷ್ಟು. ವಾರ ಕಳೆದು ಕೇಳಿದರೆ ಲೆಕ್ಕ ತಿರುಗಿಬಿದ್ದಿತ್ತು: ಎರಡು ಸಲ ಓದಿದ್ದರಲ್ಲಿ ಶೇ. 42 ಮಾತ್ರ ಉಳಿದಿತ್ತು, ಬರೆದು ನೋಡಿದ್ದರಲ್ಲಿ ಶೇ. 56. ಪುಸ್ತಕ ಮುಚ್ಚಿ ತಡಕಾಡುವ ಆ ಕಷ್ಟದ ಗಳಿಗೆಯಲ್ಲೇ ಪಾಠ ಮನಸ್ಸಿನಲ್ಲಿ ಬೇರು ಬಿಡುತ್ತದೆಯಂತೆ. ಮುಸ್ಸಂಜೆಯಲ್ಲಿ ದೀಪ ಹಚ್ಚಿದ ಮೇಲೆ ಅಜ್ಜ ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಹದಿನೇಳರ ಮಗ್ಗಿಯನ್ನು ನಡುವಿನಿಂದ ಕೇಳಿ, ನಾವು ತೊದಲುತ್ತಿದ್ದರೆ ಹೇಳಿಕೊಡದೆ ಸುಮ್ಮನೆ ಕವಳ ಜಗಿಯುತ್ತಿದ್ದುದು ನೆನಪಾಯಿತು. ಅದು ಅವರ ಬಾಯಿಯ ಕವಳದ ಸಮಸ್ಯೆಯೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮೊಬೈಲು ಮಾತ್ರ ಹಾಗೆ ಕಾಯುವುದಿಲ್ಲ; ನಾವು ತಡಕಾಡುವ ಮೊದಲೇ ಉತ್ತರ ಹೇಳಿ, ಅದರ ಬೆನ್ನಿಗೆ ಇನ್ನೊಂದು ವಿಡಿಯೊವನ್ನೂ ಎದುರಿಗೆ ತಂದಿಡುವಷ್ಟು ಅದು ಉಪಕಾರಿ.

ಅಭ್ಯಾಸ ಬೋಧನೆಗೆಂದು ನನ್ನನ್ನು ಕಳಿಸಿದ ಹಳ್ಳಿಯ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ‘ಶಬ್ದ’ದ ಪಾಠ ಮಾಡಬೇಕಿತ್ತು. ಪಾಠಯೋಜನೆಯಲ್ಲಿ ನಾಲ್ಕೂ ಶೈಲಿಯವರಿಗೆ ಬೇರೆ ಬೇರೆ ಚಟುವಟಿಕೆ ತೋರಿಸಬೇಕೆಂಬ ನಿಯಮವಿದ್ದುದರಿಂದ, 38 ಮಕ್ಕಳಿಗೂ ಅದೇ ಪ್ರಶ್ನಾವಳಿ ಹಂಚಿ, ಗುಂಪು ಮಾಡಿ, ದೃಶ್ಯದವರಿಗೆ ತರಂಗದ ಚಾರ್ಟು, ಶ್ರವ್ಯದವರಿಗೆ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್), ಚಲನೆಯವರಿಗೆ ಇನ್ನೊಂದು ಶ್ರುತಿಕವೆ ಮತ್ತು ಒಂದು ಬೋಗುಣಿ ನೀರು, ಓದು-ಬರಹದವರಿಗೆ ಪಠ್ಯಪುಸ್ತಕ ಎಂದು ಹಂಚಿದೆ. ಮಿಡಿದ ಶ್ರುತಿಕವೆಯನ್ನು ಹುಡುಗಿಯೊಬ್ಬಳು ನೀರಿಗೆ ತಾಗಿಸಿದಾಗ ನೀರು ಚಿಮ್ಮಿದ್ದೇ ತಡ, ನನ್ನ ವರ್ಗೀಕರಣ ಮುಗಿಯಿತು. 38 ಮಕ್ಕಳೂ ಬೋಗುಣಿಯ ಸುತ್ತ. ಎಲ್ಲರಿಗೂ ಅದನ್ನು ಮುಟ್ಟಬೇಕು, ಕಿವಿಯ ಹತ್ತಿರ ಹಿಡಿಯಬೇಕು, ಹಲ್ಲಿಗೆ ತಾಗಿಸಿ ನೋಡಬೇಕು. ಸ್ವಲ್ಪ ಹೊತ್ತಿನ ಮೇಲೆ, ನೀರಿನಲ್ಲಿ ಕಂಡ ಅಲೆಗೂ ಗಾಳಿಯಲ್ಲಿ ಕಾಣದ ಅಲೆಗೂ ಏನು ಸಂಬಂಧವೆಂದು ಒಬ್ಬ ಕೇಳಿದ್ದರಿಂದ ಎಲ್ಲರೂ ಚಾರ್ಟಿನ ಹತ್ತಿರ ಬರಬೇಕಾಯಿತು. ಕಂಪನ ಬೆರಳಿಗೆ ತಿಳಿಯುತ್ತದೆ, ಸ್ಥಾಯಿ ಕಿವಿಗೆ, ತರಂಗದೂರ ಕಣ್ಣಿಗೆ. ಯಾವುದರಿಂದ ಕಲಿಯಬೇಕೆಂದು ಹೇಳುತ್ತಿದ್ದುದು ಮಗುವಲ್ಲ, ಪಾಠ. ಅಡಿಕೆ ಸುಲಿಯುವುದನ್ನು ಕೇಳಿ ಕಲಿತವರನ್ನು ನಮ್ಮೂರಿನಲ್ಲಿ ನಾನು ನೋಡಿಲ್ಲ, ಅವರು ಎಂಥ ಶ್ರವ್ಯದವರೇ ಆಗಿರಲಿ.

ಆದರೆ ಹೆಸರು ಕೊಟ್ಟಮೇಲೆ ಅದು ತನ್ನ ಕೆಲಸ ಮಾಡದೆ ಬಿಡುವುದಿಲ್ಲ. ಮರುದಿನ ದೃಶ್ಯದ ಗುಂಪಿನ ಹುಡುಗನೊಬ್ಬ ಬಂದು, “ಮೇಡಂ, ನಾನು ದೃಶ್ಯ ಕಲಿಕೆಯವನು ಅಂತ ಒಂದು ಚೀಟಿ ಬರೆದುಕೊಡಿ, ಅಪ್ಪನಿಗೆ ತೋರಿಸಬೇಕು, ರಾತ್ರಿ ಮೊಬೈಲು ಕಿತ್ತುಕೊಳ್ಳುತ್ತಾರೆ” ಎಂದ. ಅವನು ರಾತ್ರಿ ಏನು ನೋಡುತ್ತಾನೆಂದು ನಾನು ಕೇಳಲಿಲ್ಲ. ಅದೇ ವಯಸ್ಸಿನಲ್ಲಿ ನಾನು ಏನು ನೋಡುತ್ತಿದ್ದೆನೆಂದು ನನ್ನನ್ನೂ ಯಾರೂ ಕೇಳಿರಲಿಲ್ಲ. ಹಳ್ಳಿಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನನ್ನ ಹಾಸ್ಟೆಲಿನ ಎಷ್ಟೋ ರಾತ್ರಿಗಳೂ ಇವೆ. ಚೀಟಿಯನ್ನಂತೂ ನಾನು ಬರೆದುಕೊಡಲಿಲ್ಲ.

ಉತ್ತರಪತ್ರಿಕೆಗಳನ್ನು ಮತ್ತೆ ಎಣಿಸುವಾಗ ಒಂದು ಹಾಳೆಯ ಬಳಿ ತಡೆದು ನಿಂತೆ. ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಗುರುತು ಹಾಕಲು ಅವಕಾಶವಿರುವ ಪ್ರಶ್ನಾವಳಿಯಾದರೂ, ಈ ಹುಡುಗಿ 16 ಪ್ರಶ್ನೆಗಳಲ್ಲೂ ನಾಲ್ಕಕ್ಕೆ ನಾಲ್ಕೂ ಗುರುತು ಹಾಕಿದ್ದಳು. ಬೋಗುಣಿಯ ನೀರಿಗೆ ಶ್ರುತಿಕವೆ ತಾಗಿಸಿದವಳೂ ಅವಳೇ. ಪ್ರಶ್ನೆ ಅರ್ಥವಾಗಲಿಲ್ಲವೇ ಎಂದು ಕೇಳಿದೆ. ಅರ್ಥವಾಗಿದೆಯೆಂದೂ, ಮನೆಯ ಮೊಬೈಲು ಅಣ್ಣನ ಹತ್ತಿರವೇ ಇರುತ್ತದೆಯೆಂದೂ, ಅವನು ಕೊಟ್ಟ ದಿನ ವಿಡಿಯೊ ನೋಡುವುದೆಂದೂ, ಕೊಡದ ದಿನ ಪುಸ್ತಕವೆಂದೂ, ಕರೆಂಟು ಹೋದ ದಿನ ಪಕ್ಕದ ಮನೆಯ ಅಕ್ಕನ ಬಾಯಿಂದ ಕೇಳುವುದೆಂದೂ ಹೇಳಿ, ಗಂಟೆ ಹೊಡೆದದ್ದರಿಂದ ಓಡಿದಳು. ವಾರ್ಕ್ ಮಾದರಿಯಲ್ಲಿ ಇಂಥವರಿಗೂ ಒಂದು ಹೆಸರಿದೆ. ನನ್ನ ದಾಖಲೆ ಪುಸ್ತಕದಲ್ಲಿ ಅವಳ ಕ್ರಮಸಂಖ್ಯೆಯ ಮುಂದೆ ‘ಬಹುಮಾದರಿ ಕಲಿಕೆ’ ಎಂದು ಬರೆದೆ. ಅದರ ಕೆಳಗೆ ಮೇಲ್ವಿಚಾರಕರು ಕೆಂಪು ಶಾಯಿಯಲ್ಲಿ ‘ಪರಿಶೀಲಿಸಲಾಗಿದೆ’ ಎಂದು ಸಹಿ ಮಾಡಿದ್ದಾರೆ.